ಕರುಳಿನ ಒಕ್ಕಲುಗಳು

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ನಾವು ಉಂಡುದನ್ನು ನಾವೊಬ್ಬರೇ ಉಣ್ಣುವುದಿಲ್ಲ. ನಮ್ಮೊಡನೆ ಕೋಟ್ಯನುಕೋಟಿ ಜೀವಿಗಳು ಪಂಕ್ತಿಯಲ್ಲಿ ಕುಳಿತಿವೆ ಎಂಬುದನ್ನು ಆ ಗಾದೆಯನ್ನು ಮಾಡಿದ ಹಿರಿಯರು ಅರಿತಿರಲಿಲ್ಲ. ನಾನು ಹೇಳುತ್ತಿರುವುದು ನಮ್ಮ ಕರುಳಿನಲ್ಲಿ ಬಿಡಾರ ಹೂಡಿರುವ ಬ್ಯಾಕ್ಟೀರಿಯಗಳ ವಿಷಯ. ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಈ ಜೀವಿಗಳಿಗೂ ನಂಟುಂಟೆಂದು ಇಪ್ಪತ್ತು ವರ್ಷಗಳಿಂದ ವಿಜ್ಞಾನಿಗಳು ಹೇಳುತ್ತಿದ್ದಾರೆ. ಆ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು, ಅದನ್ನು ತಿಳಿದು ನಮ್ಮಂಥವರು ಮಾಡಬೇಕಾದುದೇನು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಈ ಸಂಚಿಕೆಯ ಓದುಗರ ಮುಂದಿಡಬಯಸುತ್ತೇನೆ.

"ಬಿ.ಎ. ಓದುವವನಿಗೆ ಕರುಳಿನ ಉಸಾಬರಿಯೇಕೆ?" ಎಂದು ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ನಮ್ಮ ಮನೆಯಿಂದಲೇ ಕೊಡಬೇಕಾಗಿದೆ.

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ಹೊಲದ ಕೆಲಸ ಮಾಡಿಕೊಂಡು, ಬೆಳಗ್ಗೆ ಸಂಜೆ ಮಾತ್ರೆ ನುಂಗಿಕೊಂಡು ಹೇಗೋ ಸುಧಾರಿಸಿಕೊಂಡಿದ್ದರು. ಕಳೆದ ವರ್ಷ ನಮ್ಮ ಊರಿಗೆ ಯಾರೋ ಒಬ್ಬರು ಬಂದು ದೇವಸ್ಥಾನದ ಜಗಲಿಯ ಮೇಲೆ ಪುಕ್ಕಟೆ ತಪಾಸಣೆ ನಡೆಸಿದರಂತೆ. "ನಿಮ್ಮ ಕಾಯಿಲೆ ರಕ್ತದಲ್ಲಿಲ್ಲ, ಕರುಳಿನಲ್ಲಿದೆ. ಕೆಟ್ಟ ಕ್ರಿಮಿಗಳು ತುಂಬಿವೆ, ಒಳ್ಳೆಯ ಕ್ರಿಮಿಗಳನ್ನು ಕಳಿಸಿದರೆ ಸಕ್ಕರೆ ತಾನಾಗಿ ಇಳಿಯುತ್ತದೆ" ಎಂದು ಹೇಳಿ ಒಂದು ಡಬ್ಬಿ ಪುಡಿಯನ್ನು ಮಾರಿದರು. ಡಬ್ಬಿಯ ಬೆಲೆ ನನ್ನ ಒಂದು ತಿಂಗಳ ಊಟದ ಖರ್ಚಿಗಿಂತ ಹೆಚ್ಚು. ತಂದೆಯವರು ಪುಡಿಯನ್ನು ನೇಮದಿಂದ ಸೇವಿಸಿದರು. ಅಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಅವರು ಮಾತ್ರೆಯನ್ನು ಮೊದಲು ಅರ್ಧ ಮಾಡಿ, ಆಮೇಲೆ ಪೂರ್ತಿ ಬಿಟ್ಟರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕಾಲಿನ ಹೆಬ್ಬೆರಳಿನ ಗಾಯ ಮಾಯದೆ ಕೀವು ತುಂಬಿತು. ಆಸ್ಪತ್ರೆಯ ಡಾಕ್ಟರು, "ಯಜಮಾನರೇ, ಪುಡಿ ತಿಂದಿರೆಂದು ನಾನು ಬೈಯುವುದಿಲ್ಲ, ಮಾತ್ರೆ ಬಿಟ್ಟಿರಲ್ಲಾ, ಅದಕ್ಕೆ ಬೈಯುತ್ತೇನೆ" ಎಂದರು. ದೈವವಶಾತ್ ಬೆರಳು ಉಳಿಯಿತು.

ರಜೆ ಮುಗಿಸಿಕೊಂಡು ಕಾಲೇಜಿಗೆ ಬಂದಾಗ ನನ್ನ ಮನಸ್ಸಿನಲ್ಲಿ ಕೋಪವಿತ್ತು. ಕರುಳಿನ ಕ್ರಿಮಿಗಳ ಮಾತೆಲ್ಲವೂ ಶುದ್ಧ ಬೊಗಳೆಯೆಂದು ತೋರಿಸಿಕೊಡಬೇಕೆಂಬ ಹಟದಿಂದಲೇ ಓದಲು ಕುಳಿತೆ. ಓದಿದ ಮೇಲೆ ನನ್ನ ಹಟ ಅರ್ಧ ಇಳಿಯಿತು. ಬೊಗಳೆಯಾದುದು ಆ ಮಾರಾಟಗಾರನ ತೀರ್ಮಾನವೇ ಹೊರತು ಅವನು ಹಿಡಿದುಕೊಂಡ ಎಳೆಯಲ್ಲ. ಆದುದರಿಂದ ಮೊದಲು ಎಳೆಯನ್ನು ಬಿಡಿಸಿ ಹೇಳುತ್ತೇನೆ.

ನಮ್ಮೊಳಗೆ ಸೂಕ್ಷ್ಮಜೀವಿಗಳಿವೆಯೆಂಬುದು ಹೊಸ ಸುದ್ದಿಯಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಎಂಬಾತ ತಾನೇ ಅರೆದು ಮಾಡಿದ ಗಾಜಿನ ಮಸೂರದ ಮೂಲಕ ತನ್ನ ಹಲ್ಲಿನ ಕಿಟ್ಟವನ್ನು ನೋಡಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೆಚ್ನಿಕಾಫ್ ಎಂಬ ವಿಜ್ಞಾನಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದುಕೊಂಡು, ಮುಪ್ಪಿಗೆ ದೊಡ್ಡ ಕರುಳಿನ ಕೊಳೆತವೇ ಕಾರಣವೆಂದೂ, ಹುಳಿ ಹಾಲು ಕುಡಿದರೆ ಆಯುಷ್ಯ ಹೆಚ್ಚುವುದೆಂದೂ ಸಾರಿದರು. ತಾವೂ ಅದನ್ನು ಕುಡಿದರು. 1916ರಲ್ಲಿ 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ಮಹಾವಿಜ್ಞಾನಿಯೂ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಓಡುವುದುಂಟು. ಈ ಮಾತನ್ನು ನೆನಪಿನಲ್ಲಿಡೋಣ.

ಎಷ್ಟು ಜೀವಿಗಳಿವೆ? ನಮ್ಮ ದೇಹದ ಜೀವಕೋಶಗಳಿಗೆ ಹತ್ತು ಪಾಲು ಬ್ಯಾಕ್ಟೀರಿಯಗಳಿವೆಯೆಂದು ಇಂದಿಗೂ ಅನೇಕ ಕಡೆ ಬರೆಯುತ್ತಾರೆ. 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಈ ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಒಬ್ಬ ಸಾಧಾರಣ ಗಂಡಸಿನ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳು, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು. ಇವುಗಳೆಲ್ಲದರ ಒಟ್ಟು ತೂಕ ಸುಮಾರು 200 ಗ್ರಾಂ. ಹತ್ತು ಪಾಲಲ್ಲ, ಹೆಚ್ಚುಕಡಿಮೆ ಸರಿಸಮ. ಆದರೂ ಅಲಕ್ಷಿಸುವಂಥ ಸಂಖ್ಯೆಯಲ್ಲ. ಇವುಗಳನ್ನು ನಾನು ಒಕ್ಕಲುಗಳೆಂದು ಕರೆಯುತ್ತೇನೆ. ಜಾಗ ನಮ್ಮದು, ದುಡಿಮೆ ಅವುಗಳದು.

ಅವು ದುಡಿಯುವ ಬಗೆ ಹೀಗಿದೆ. ಕಾಳಿನ ಸಿಪ್ಪೆ, ಸೊಪ್ಪಿನ ದಂಟು, ರಾಗಿಯ ಹೊಟ್ಟು ಇವುಗಳಲ್ಲಿರುವ ನಾರನ್ನು ನಮ್ಮ ಜಠರವಾಗಲಿ ಸಣ್ಣ ಕರುಳಾಗಲಿ ಜೀರ್ಣಿಸಲಾರದು. ಅದು ಹಾಗೆಯೇ ದೊಡ್ಡ ಕರುಳಿಗೆ ಬಂದು ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ಅದನ್ನು ಹುಳಿಯೆಬ್ಬಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಎಂಬುದು ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ. ಈ ಆಮ್ಲಗಳು ಕರುಳಿನ ಗೋಡೆಯ ಕೆಲವು ಕೋಶಗಳನ್ನು ತಟ್ಟಿ ಜಿ.ಎಲ್.ಪಿ.-1 ಎಂಬ ರಸವನ್ನು ಹೊರಡಿಸುತ್ತವೆ. ಆ ರಸ ಇನ್ಸುಲಿನ್ ಸ್ರಾವಕ್ಕೆ ನೆರವಾಗುತ್ತದೆ, ಹಸಿವನ್ನು ತಗ್ಗಿಸುತ್ತದೆ. ಈಗ ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಮಾರಾಟವಾಗುತ್ತಿರುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ಈ ರಸದ ಅನುಕರಣೆಯೇ. ಕಾಳು ಸೊಪ್ಪಿನಿಂದ ಆ ಮದ್ದಿನಷ್ಟು ಬಲವಾದ ಫಲ ಸಿಕ್ಕದು, ನಿಜ. ಆದರೆ ದಾರಿ ಒಂದೇ ಕಡೆಗಿದೆ.

ಇನ್ನು ಬೊಜ್ಜಿನ ಮಾತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜೆಫ್ರಿ ಗಾರ್ಡನ್ ಅವರ ಪ್ರಯೋಗಾಲಯದವರು ಹುಟ್ಟಿದಂದಿನಿಂದ ಒಂದು ಬ್ಯಾಕ್ಟೀರಿಯವೂ ಸೋಕದಂತೆ ಇಲಿಗಳನ್ನು ಸಾಕಿದರು. ಅವು ಬಡಕಲಾಗಿದ್ದವು. ಅವಕ್ಕೆ ಸಾಮಾನ್ಯ ಇಲಿಯ ಕರುಳಿನ ಬ್ಯಾಕ್ಟೀರಿಯಗಳನ್ನು ಸೇರಿಸಿದಾಗ ಹದಿನಾಲ್ಕು ದಿನಗಳಲ್ಲಿ ಅವುಗಳ ಮೈಕೊಬ್ಬು ಶೇಕಡಾ 60ರಷ್ಟು ಏರಿತು. ಅದೂ ಮೊದಲಿಗಿಂತ ಕಡಮೆ ತಿಂದು! ಇದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಅವರೇ ಬೊಜ್ಜಿಲಿಯ ಬ್ಯಾಕ್ಟೀರಿಯಗಳನ್ನು ಒಂದು ಗುಂಪಿಗೂ ತೆಳ್ಳಗಿನ ಇಲಿಯವನ್ನು ಇನ್ನೊಂದು ಗುಂಪಿಗೂ ಕೊಟ್ಟರು. ಮೊದಲ ಗುಂಪು ಹೆಚ್ಚು ಕೊಬ್ಬಿತು. 2013ರಲ್ಲಿ ಇನ್ನೂ ಸ್ವಾರಸ್ಯವಾದ ಪ್ರಯೋಗ ನಡೆಯಿತು. ಒಬ್ಬಳು ದಪ್ಪ, ಒಬ್ಬಳು ತೆಳ್ಳಗೆ ಇರುವ ಅವಳಿ ಸೋದರಿಯರನ್ನು ಹುಡುಕಿ, ಅವರ ಕರುಳಿನ ಬ್ಯಾಕ್ಟೀರಿಯಗಳನ್ನು ಇಲಿಗಳಿಗೆ ಸೇರಿಸಲಾಯಿತು. ದಪ್ಪನೆಯ ಸೋದರಿಯ ಬ್ಯಾಕ್ಟೀರಿಯ ಪಡೆದ ಇಲಿ ಕೊಬ್ಬಿತು. ಆದರೆ ಎರಡು ಬಗೆಯ ಇಲಿಗಳನ್ನೂ ಒಂದೇ ಗೂಡಿನಲ್ಲಿ ಬಿಟ್ಟಾಗ ತೆಳ್ಳಗಿನವುಗಳ ಬ್ಯಾಕ್ಟೀರಿಯ ದಪ್ಪನೆಯವುಗಳಿಗೆ ಹರಡಿ ಬೊಜ್ಜನ್ನು ತಡೆಯಿತು. ಇದರಲ್ಲಿ ಒಂದು ಷರತ್ತುಂಟು: ಕೊಬ್ಬು ಕಡಮೆಯಾಗಿ, ನಾರು ಹೆಚ್ಚಾಗಿರುವ ತಿಂಡಿ ಕೊಟ್ಟಾಗ ಮಾತ್ರ ಹೀಗಾಯಿತು. ಜಿಡ್ಡು ಹೆಚ್ಚಿ ಹಣ್ಣು ತರಕಾರಿ ಕಡಮೆಯಾದ ತಿಂಡಿ ಕೊಟ್ಟಾಗ ಆ ರಕ್ಷಣೆ ದೊರೆಯಲಿಲ್ಲ.

ನನ್ನ ಲೇಖನದ ಜೀವಾಳ ಈ ಷರತ್ತಿನಲ್ಲಿದೆ. ಒಕ್ಕಲನ್ನು ಕರೆತಂದರೆ ಸಾಲದು, ಅವನಿಗೆ ಉಳುವುದಕ್ಕೆ ಹೊಲವೂ ಬಿತ್ತುವುದಕ್ಕೆ ಬೀಜವೂ ಬೇಕು. ಬಂಜರಿನಲ್ಲಿ ತಂದು ಕೂರಿಸಿದ ಒಕ್ಕಲು ಊರು ಬಿಟ್ಟು ಹೋಗುತ್ತಾನೆ.

ಇಲಿಗೆ ಆದುದು ಮನುಷ್ಯನಿಗೂ ಆಗುವುದೇ? ಇಲ್ಲಿ ಎಚ್ಚರ ಬೇಕು. 2012ರಲ್ಲಿ ಆಮ್ಸ್ಟರ್‌ಡಾಮಿನ ವೈದ್ಯರು ಬೊಜ್ಜಿದ್ದ ಕೆಲವು ಗಂಡಸರಿಗೆ ತೆಳ್ಳಗಿನವರ ಮಲದಿಂದ ತೆಗೆದ ಬ್ಯಾಕ್ಟೀರಿಯಗಳನ್ನು ಕೊಳವೆಯ ಮೂಲಕ ಕರುಳಿಗೆ ಸೇರಿಸಿದರು. ಓದುವಾಗ ಮೂಗು ಮುರಿಯಬೇಡಿ. ಔಷಧಿಗೆ ಬಗ್ಗದ ಒಂದು ಘೋರವಾದ ಭೇದಿ ರೋಗಕ್ಕೆ ಈ ಚಿಕಿತ್ಸೆ ನಿಜವಾಗಿಯೂ ಗುಣ ಕೊಡುತ್ತದೆಂದು 2013ರಲ್ಲಿ ಸಿದ್ಧವಾಯಿತು. ಆ ಬೊಜ್ಜಿನ ಗಂಡಸರಲ್ಲಿ ಆರು ವಾರಗಳ ಮೇಲೆ ಇನ್ಸುಲಿನ್ನಿಗೆ ಮೈ ಸ್ಪಂದಿಸುವ ಗುಣ ಸುಧಾರಿಸಿತ್ತು. ಮೈತೂಕ ಮಾತ್ರ ಇಳಿಯಲಿಲ್ಲ. 2017ರಲ್ಲಿ ಇನ್ನೂ ಹೆಚ್ಚು ಜನರಲ್ಲಿ ನೋಡಿದಾಗ, ಹದಿನೆಂಟು ವಾರ ಕಳೆಯುವಷ್ಟರಲ್ಲಿ ಆ ಸುಧಾರಣೆಯೂ ಕರಗಿಹೋಗಿತ್ತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿಯೂ ಹೀಗೆಯೇ. 2012ರಲ್ಲಿ ಚೀನಾದೇಶದ 345 ಜನರನ್ನು ಪರೀಕ್ಷಿಸಿದವರು ರೋಗಿಗಳ ಕರುಳಿನಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಗಳು ಕಡಮೆಯಿವೆ ಎಂದರು. 2015ರಲ್ಲಿ ಬೇರೆ ವಿಜ್ಞಾನಿಗಳು ಡೆನ್ಮಾರ್ಕ್, ಸ್ವೀಡನ್, ಚೀನಾಗಳ 784 ಮಾದರಿಗಳನ್ನು ಒಟ್ಟಿಗೆ ನೋಡಿ ಒಂದು ಮುಖ್ಯವಾದ ಮಾತನ್ನು ಹೇಳಿದರು. ರೋಗದಿಂದ ಆಯಿತೆಂದು ತಿಳಿದಿದ್ದ ಬದಲಾವಣೆಗಳಲ್ಲಿ ಒಂದು ದೊಡ್ಡ ಪಾಲು ರೋಗದಿಂದ ಆದುದಲ್ಲ, ರೋಗಿಗಳು ನುಂಗುತ್ತಿದ್ದ ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದುದು! ನಮ್ಮ ತಂದೆಯವರು ಬಿಟ್ಟ ಮಾತ್ರೆ ಇದೇ. ಆ ಮಾತ್ರೆಯ ಪ್ರಭಾವವನ್ನು ಕಳೆದು ನೋಡಿದಾಗಲೂ ಬ್ಯುಟಿರೇಟ್ ತಯಾರಿಸುವವು ಕಡಮೆಯಿದ್ದುದು ಕಂಡಿತು. ಆದರೆ ಕಥೆ ಮೊದಲು ತಿಳಿದಷ್ಟು ಸರಳವಾಗಿ ಉಳಿಯಲಿಲ್ಲ. 2016ರಲ್ಲಿ ಮಿಷಿಗನ್ನಿನ ಇಬ್ಬರು ವಿಜ್ಞಾನಿಗಳು ಬೊಜ್ಜಿನ ಬಗ್ಗೆ ನಡೆದ ಹತ್ತು ಅಧ್ಯಯನಗಳನ್ನು ಕೂಡಿಸಿ ನೋಡಿ, ಮನುಷ್ಯರಲ್ಲಿ ಬೊಜ್ಜಿಗೂ ಬ್ಯಾಕ್ಟೀರಿಯಗಳಿಗೂ ಕಾಣುವ ಸಂಬಂಧ ಬಹು ದುರ್ಬಲವೆಂದು ತೋರಿಸಿದರು. ಜತೆಯಲ್ಲಿರುವುದು ಬೇರೆ, ಕಾರಣವಾಗಿರುವುದು ಬೇರೆ. ಕೋಳಿ ಕೂಗುವುದಕ್ಕೂ ಬೆಳಗಾಗುವುದಕ್ಕೂ ಜತೆಯುಂಟು. ಕೋಳಿಯನ್ನು ಕೊಂದರೆ ಬೆಳಕು ನಿಲ್ಲದು. ತರ್ಕಶಾಸ್ತ್ರದ ತರಗತಿಯಲ್ಲಿ ಗುರುಗಳು ಹೇಳಿಕೊಟ್ಟ ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬಿ.ಎ. ಓದುವವನಿಗೆ ಈ ಉಸಾಬರಿಯೇಕೆ ಎಂದವರಿಗೆ ಇದೂ ಒಂದು ಉತ್ತರ.

ಮೇಲಾಗಿ ನಮ್ಮ ದೇಶದ ಸಕ್ಕರೆ ಕಾಯಿಲೆ ಬರಿಯ ಬೊಜ್ಜಿನ ಮಕ್ಕಳಲ್ಲ. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರೂ ಲಂಡನ್ನಿನ ಡಾಕ್ಟರ್ ಯೂಡ್ಕಿನ್ ಅವರೂ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಇಂಗ್ಲಿಷರ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರ ಮೈಯಲ್ಲಿ 21.2. ಕಣ್ಣಿಗೆ ತೆಳ್ಳಗೆ ಕಾಣುವವನೂ ಒಳಗೆ ಕೊಬ್ಬಿರಬಹುದು. ಗರ್ಭದಲ್ಲಿದ್ದಾಗಿನ ಪೋಷಣೆ, ವಂಶವಾಹಿ, ಮೈಗೆ ಕೆಲಸವಿಲ್ಲದಿರುವುದು, ನಿದ್ದೆ, ಊಟ ಎಲ್ಲವೂ ಇದರಲ್ಲಿ ಸೇರಿವೆ. ಬ್ಯಾಕ್ಟೀರಿಯ ಎಂಬುದು ಈ ಪಂಚಾಯಿತಿಯಲ್ಲಿ ಒಬ್ಬ ಸದಸ್ಯನೇ ಹೊರತು ಅಧ್ಯಕ್ಷನಲ್ಲ.

ಹಾಗಾದರೆ ಈ ಸಂಶೋಧನೆಯಿಂದ ನಮಗೆ ಪ್ರಯೋಜನವೇ ಇಲ್ಲವೇ? ಖಂಡಿತವಾಗಿಯೂ ಇದೆ. ಆದರೆ ಅದು ಡಬ್ಬಿಯಲ್ಲಿಲ್ಲ, ತಟ್ಟೆಯಲ್ಲಿದೆ. 2018ರಲ್ಲಿ ಶಾಂಘೈ ನಗರದ ವಿಜ್ಞಾನಿಗಳು ಸಕ್ಕರೆ ಕಾಯಿಲೆಯವರನ್ನು ಎರಡು ಗುಂಪು ಮಾಡಿ ಎಲ್ಲರಿಗೂ ಒಂದೇ ಮಾತ್ರೆಯನ್ನು ಕೊಟ್ಟರು. ಒಂದು ಗುಂಪಿಗೆ ವಾಡಿಕೆಯ ಪಥ್ಯ. ಇನ್ನೊಂದಕ್ಕೆ ಇಡಿಯ ಧಾನ್ಯ ಮೊದಲಾದ ನಾರು ತುಂಬಿದ ಬಗೆಬಗೆಯ ಆಹಾರ. ಹನ್ನೆರಡು ವಾರಗಳ ಮೇಲೆ ಮೊದಲ ಗುಂಪಿನಲ್ಲಿ ಶೇಕಡಾ 50 ಜನರ ಸಕ್ಕರೆ ಹತೋಟಿಯ ಮಟ್ಟಕ್ಕೆ ಬಂದಿತ್ತು. ನಾರಿನ ಗುಂಪಿನಲ್ಲಿ ಶೇಕಡಾ 89. ಅವರ ಕರುಳಿನಲ್ಲಿ ನಾರನ್ನು ಹುಳಿಯೆಬ್ಬಿಸುವ ಕೆಲವು ಬ್ಯಾಕ್ಟೀರಿಯಗಳು ಹೆಚ್ಚಿದ್ದವು. ಅಧ್ಯಯನ ಚಿಕ್ಕದು, ಒಪ್ಪುತ್ತೇನೆ. ಆದರೆ ಗಮನಿಸಿ: ಇಲ್ಲಿ ಯಾರೂ ಮಾತ್ರೆಯನ್ನು ಬಿಡಲಿಲ್ಲ, ಯಾರೂ ಹೊರಗಿನಿಂದ ಬ್ಯಾಕ್ಟೀರಿಯವನ್ನು ಕೊಳ್ಳಲಿಲ್ಲ. ಇದ್ದ ಒಕ್ಕಲುಗಳಿಗೆ ಕೆಲಸ ಕೊಟ್ಟರು.

ಈ ಮಾತನ್ನು ಕೇಳಿದೊಡನೆ, "ನೋಡಿದಿರಾ, ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು, ಇಡ್ಲಿಯಲ್ಲಿ ಇಲ್ಲದ ಬ್ಯಾಕ್ಟೀರಿಯ ಯಾವುದು?" ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಅವರಿಗೂ ಒಂದು ಮಾತು. ಇಡ್ಲಿಯ ಹಿಟ್ಟನ್ನು ಉಬ್ಬಿಸುವುದು ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ, ನಿಜ. ಆದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಅದು ಬೆಂದು ಸಾಯುತ್ತದೆ. ಜೀವಂತವಾಗಿ ಹೊಟ್ಟೆ ಸೇರುವುದು ಮೊಸರು ಮಜ್ಜಿಗೆಗಳಲ್ಲಿರುವುದು. ಇಡ್ಲಿ ಒಳ್ಳೆಯ ತಿಂಡಿ. ಅದನ್ನು ಸಕ್ಕರೆ ಕಾಯಿಲೆಯ ಔಷಧಿಯೆಂದು ಹೇಳುವವನಿಗೂ ನಮ್ಮೂರಿನ ಜಗಲಿಯ ಮೇಲೆ ಪುಡಿ ಮಾರಿದವನಿಗೂ ಹೆಚ್ಚು ಅಂತರವಿಲ್ಲ.

ಈಗ ನಮ್ಮ ವಿದ್ಯಾರ್ಥಿನಿಲಯದ ತಟ್ಟೆಯನ್ನು ನೋಡೋಣ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಬಿಳಿ ಅನ್ನ ಮತ್ತು ತಳ ಕಾಣುವ ಸಾರು, ರಾತ್ರಿ ಮತ್ತೆ ಅದೇ ಅನ್ನ. ಸೊಪ್ಪು ಹಬ್ಬಕ್ಕೊಮ್ಮೆ ಬರುವ ನೆಂಟ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಪಾಲಿಷ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಮ್ಮಲ್ಲಿ ಅನೇಕರು ಮುದ್ದೆ ಉಂಡು ಬೆಳೆದವರು. ನಿಲಯಕ್ಕೆ ಬಂದ ಮೇಲೆ ಮುದ್ದೆಯನ್ನು ಕೇಳಿದರೆ ಹಳ್ಳಿಗಮಾರನೆಂದುಕೊಂಡಾರೆಂಬ ನಾಚಿಕೆ. ನಾನೂ ಮೊದಲ ವರ್ಷ ಹಾಗೆಯೇ ನಾಚಿದವನು. ಮೂರು ವರ್ಷ ಬಿಳಿ ಅನ್ನವುಂಡು, ಬೆಂಚಿನ ಮೇಲೆ ಕುಳಿತು, ಸಂಜೆ ಕ್ಯಾಂಟೀನಿನಲ್ಲಿ ಸಿಹಿ ಪಾನೀಯ ಕುಡಿದು ಪದವೀಧರರಾಗುವ ನಮಗೆ ಪದವಿಯ ಜತೆಗೆ ಇನ್ನೇನು ದೊರೆಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಹೊಸ್ತಿಲಲ್ಲಿರುವವರಲ್ಲಿ ನಮ್ಮ ತರಗತಿಯವರೂ ಇಲ್ಲವೆಂದು ಯಾರು ಹೇಳಬಲ್ಲರು?

ರಾಗಿಯನ್ನು ನಾನು ಅಮೃತವೆಂದು ಹೊಗಳುತ್ತಿಲ್ಲ. ರಾಗಿಯೂ ಪಿಷ್ಟವೇ, ಎರಡು ದೊಡ್ಡ ಮುದ್ದೆ ನುಂಗಿ ಮಲಗಿದರೆ ಅದೂ ಸಕ್ಕರೆಯನ್ನು ಏರಿಸುತ್ತದೆ. ನಾನು ಕೇಳುವುದಿಷ್ಟೆ. ವಾರದಲ್ಲಿ ಮೂರು ರಾತ್ರಿ ಹಿತವಾದ ಗಾತ್ರದ ಮುದ್ದೆ. ಅದರೊಡನೆ ಬಸ್ಸಾರೋ ಹುರುಳಿಕಾಳಿನ ಸಾರೋ. ವಾರದಲ್ಲಿ ಎರಡು ಬೆಳಗ್ಗೆ ಹೆಸರುಕಾಳು ಅಥವಾ ಕಡಲೆಯ ಉಸಲಿ. ಪ್ರತಿದಿನ ಒಂದು ಸೌಟು ಸೊಪ್ಪಿನ ಪಲ್ಯ. ಕ್ಯಾಂಟೀನಿನಲ್ಲಿ ಸಿಹಿ ಪಾನೀಯದ ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ. "ಖರ್ಚು ಹೆಚ್ಚಾಗುತ್ತದೆ" ಎಂಬುದು ಬರಬಹುದಾದ ಮೊದಲ ಆಕ್ಷೇಪ. ಇದನ್ನು ಬಾಯಿಮಾತಿನಲ್ಲಿ ವಾದಿಸುವುದು ಬೇಡ. ಅರ್ಥಶಾಸ್ತ್ರ ವಿಭಾಗದ ನಾಲ್ವರು ವಿದ್ಯಾರ್ಥಿಗಳು ಒಂದು ತಿಂಗಳ ಪೇಟೆ ಧಾರಣೆಯನ್ನು ಬರೆದಿಟ್ಟು ಎರಡು ಊಟದ ಪಟ್ಟಿಗಳ ಖರ್ಚನ್ನು ಅಕ್ಕಪಕ್ಕ ಇಟ್ಟು ತೋರಿಸಲಿ. ಹೆಚ್ಚಾದರೆ ಎಷ್ಟು ಹೆಚ್ಚೆಂಬುದಾದರೂ ತಿಳಿಯುತ್ತದೆ. "ಹುಡುಗರು ತಿನ್ನುವುದಿಲ್ಲ" ಎಂಬುದು ಎರಡನೆಯ ಆಕ್ಷೇಪ. ಒಂದು ತಿಂಗಳು ಬಡಿಸಿ ನೋಡಿದ ಮೇಲೆ ಆ ಮಾತನ್ನು ಹೇಳಬಹುದು.

"ವಿಜ್ಞಾನವೇ ಇನ್ನೂ ತೀರ್ಮಾನಕ್ಕೆ ಬಂದಿಲ್ಲವೆಂದು ನೀನೇ ಹೇಳಿದೆ; ಹಾಗಿರುವಾಗ ನಮ್ಮ ಊಟವನ್ನೇಕೆ ಬದಲಿಸಬೇಕು?" ಎಂದು ಒಬ್ಬ ಗೆಳೆಯರು ಹಸ್ತಪ್ರತಿಯನ್ನು ಓದಿ ಕೇಳಿದರು. ನನ್ನ ಉತ್ತರವಿದು: ತೀರ್ಮಾನವಾಗದಿರುವುದು ಯಾವ ಬ್ಯಾಕ್ಟೀರಿಯ, ಎಷ್ಟು, ಹೇಗೆ ಎಂಬ ವಿಷಯ. ಕಾಳು, ಸೊಪ್ಪು, ಇಡಿಯ ಧಾನ್ಯ ಒಳ್ಳೆಯವೆಂಬ ಮಾತು ಅದಕ್ಕಾಗಿ ಕಾದು ಕುಳಿತಿಲ್ಲ. ಅದಕ್ಕೆ ಬೇರೆ ಆಧಾರಗಳು ಬೇಕಾದಷ್ಟಿವೆ. ಸಂದೇಹವಿರುವ ಕಡೆ ಹಣ ಸುರಿಯುವುದು, ಸಂದೇಹವಿಲ್ಲದ ಕಡೆ ಕೈ ಕಟ್ಟಿ ಕೂರುವುದು, ಇವೆರಡೂ ಬುದ್ಧಿವಂತರ ಲಕ್ಷಣವಲ್ಲ. ನಮ್ಮ ಸಮಾಜ ಈಗ ಇವೆರಡನ್ನೂ ಒಟ್ಟಿಗೆ ಮಾಡುತ್ತಿದೆ.

ಕೊನೆಯದಾಗಿ ಒಂದು ಮಾತು. ನಾವು ಇಲ್ಲಿ ಓದುತ್ತಿರುವವರಲ್ಲಿ ಎಷ್ಟೋ ಮಂದಿ ನಮ್ಮ ಮನೆಗಳಲ್ಲಿ ಮೊದಲ ತಲೆಮಾರಿನ ಅಕ್ಷರಸ್ಥರು. ಊರಿಗೆ ಹೋದಾಗ ಔಷಧಿಯ ಚೀಟಿಯನ್ನು ಓದಿ ಹೇಳಬೇಕಾದವರು ನಾವು. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ತಂದೆತಾಯಿಯರು ಮೊದಲು ತೋರಿಸುವುದು ನಮಗೆ. ಆ ಡಬ್ಬಿಯನ್ನು ಕೊಳ್ಳುವ ಮುನ್ನ ನಮ್ಮ ತಂದೆಯವರು ನನಗೆ ಫೋನು ಮಾಡಿ ಕೇಳಿದ್ದರು. ನಾನು ಪರೀಕ್ಷೆಯ ಗಡಿಬಿಡಿಯಲ್ಲಿ, "ತಗೊಳ್ಳಿ ಅಪ್ಪಾ, ಕರುಳಿನ ಬ್ಯಾಕ್ಟೀರಿಯದ ವಿಷಯ ನಾನೂ ಎಲ್ಲೋ ಓದಿದ್ದೇನೆ" ಎಂದುಬಿಟ್ಟಿದ್ದೆ. ಮಾರಿದವನ ಮೇಲೆ ಎಷ್ಟು ಕೋಪ ಮಾಡಿಕೊಂಡರೂ ಈ ಮಾತು ನನ್ನನ್ನು ಬಿಟ್ಟು ಹೋಗುವುದಿಲ್ಲ. ಅರ್ಧ ಓದಿದ್ದು ಓದದಿರುವುದಕ್ಕಿಂತ ಅಪಾಯಕರವೆಂದು ಆಗ ತಿಳಿಯಿತು.

ಈಗ ತಂದೆಯವರು ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ಖಾಲಿಯಾದ ಆ ಡಬ್ಬಿಯಲ್ಲಿ ನಮ್ಮ ತಾಯಿಯವರು ಹುರುಳಿಕಾಳನ್ನು ತುಂಬಿಟ್ಟಿದ್ದಾರೆ. ಮುಂದಿನ ವರ್ಷ ನಿಲಯದ ಊಟದ ಸಮಿತಿ ಸೇರುವ ಮೊದಲು ಅಧ್ಯಾಪಕರೂ ಸಹಪಾಠಿಗಳೂ ಈ ನಾಲ್ಕು ಸಲಹೆಗಳನ್ನು ಪರಿಶೀಲಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

— ದ್ವಿತೀಯ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ